ಇಪ್ಪತ್ತನಾಲ್ಕು ಜ್ಯೆಗಳ ಖಾತೆ

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನನ್ನ ಸೋದರಳಿಯನು ಹನ್ನೆರಡನೆಯ ತರಗತಿಯ ವ್ಯಾಸಂಗಕ್ಕೆಂದು ಧಾರವಾಡದಿಂದ ಮುಂಬಯಿಯ ನಮ್ಮ ಮನೆಗೆ ಬಂದು ನಿಂತನು. ಹುಡುಗನು ಚುರುಕಿನವನು, ಶ್ರಮಕ್ಕೆ ಅಂಜತಕ್ಕವನಲ್ಲ. ಹಗಲು ಕಾಲೇಜು, ಸಂಜೆ ಒಂದು ಖಾಸಗಿ ತರಗತಿ, ರಾತ್ರಿ ಹನ್ನೊಂದರವರೆಗೆ ಮೇಜಿನ ಮುಂದೆ ಲೆಕ್ಕಗಳು. ಹೀಗೆ ನಾಲ್ಕು ತಿಂಗಳಲ್ಲಿ ಅವನು ಐದು ದಪ್ಪ ನೋಟುಪುಸ್ತಕಗಳನ್ನು ತುಂಬಿಸಿದನು. ಆದರೂ ಪರೀಕ್ಷೆಯಿಂದ ಪರೀಕ್ಷೆಗೆ ಅಂಕಗಳು ಇಳಿಯುತ್ತಲೇ ನಡೆದವು. ಸಂಜೆಯ ತರಗತಿಯವರಿಂದ ಬಂದ ಸಲಹೆ ಒಂದೇ: ಅಭ್ಯಾಸ ಸಾಲದು, ಇನ್ನೂ ಹೆಚ್ಚು ಲೆಕ್ಕಗಳನ್ನು ಮಾಡತಕ್ಕದ್ದು. ದೀಪಾವಳಿಯ ಹೊತ್ತಿಗೆ ಹುಡುಗನು, ಈ ಒಂದು ವರ್ಷ ಕಳೆದರೆ ಸಾಕು, ಮುಂದೆ ಗಣಿತದ ಸಹವಾಸವೇ ಬೇಡವೆಂದು ತಾಯಿಗೆ ಫೋನಿನಲ್ಲಿ ಹೇಳಿದುದು ನನ್ನ ಕಿವಿಗೂ ಬಿದ್ದಿತು.

ಆ ರಾತ್ರಿ ಅವನ ನೋಟುಪುಸ್ತಕಗಳನ್ನು ತಿರುವಿ ನೋಡಿದೆನು. ಸೈನಿನ ನಿಷ್ಪನ್ನವೇನೆಂದು ಕೇಳಿದರೆ ಕೊಸೈನ್ ಎಂಬ ಉತ್ತರವು ಕಣ್ಣೆವೆ ಬಡಿಯುವುದರೊಳಗೆ ಬರುತ್ತಿತ್ತು. ಆದರೆ, ಕೋನವು ಸೊನ್ನೆಯಿಂದ ತೊಂಬತ್ತು ಡಿಗ್ರಿಗೆ ಏರುವಾಗ ಸೈನು ಒಂದೇ ವೇಗದಿಂದ ಏರುವುದೋ, ಬರಬರುತ್ತ ಚುರುಕಾಗುವುದೋ, ಮಂದವಾಗುವುದೋ ಎಂದು ಕೇಳಿದಾಗ ಅವನು ಸುಮ್ಮನಾದನು. ಸೈನಿನ ನಿಷ್ಪನ್ನವು ಕೊಸೈನ್ ಎಂಬ ಸೂತ್ರವೇ ಈ ಪ್ರಶ್ನೆಗೆ ಉತ್ತರವೆಂಬುದು ಅವನಿಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದನು: "ಮಾಮಾ, ಡಿಗ್ರಿ ಇದ್ದ ಮ್ಯಾಲೆ ಈ ರೇಡಿಯನ್ ಯಾಕ ಬೇಕಾತು?" ಗಣಿತದಲ್ಲಿ ಪದವಿ ಪಡೆದು ಎರಡು ದಶಕಗಳಿಂದ ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಮುಳುಗಿರುವ ನನಗೂ ಥಟ್ಟನೆ ಒಂದು ಸಮಾಧಾನದ ಮಾತು ದೊರೆಯಲಿಲ್ಲ. ಪ್ರಕೃತ ಲೇಖನವು ಆ ಎರಡು ಮೌನಗಳಿಂದ ಹುಟ್ಟಿತೆಂದು ವಾಚಕರು ತಿಳಿಯಬಹುದು.

ಇಂದಿನ ಅಭ್ಯಾಸಕ್ರಮದ ದೋಷವು ಲೆಕ್ಕಗಳ ಸಂಖ್ಯೆಯಲ್ಲಿಲ್ಲ. ಅವುಗಳನ್ನು ವಿಂಗಡಿಸಿಡುವ ರೀತಿಯಲ್ಲಿದೆ. ಫಲನಗಳೊಂದು ಅಧ್ಯಾಯ, ತ್ರಿಕೋನಮಿತಿಯೊಂದು ಅಧ್ಯಾಯ, ಕಲನಶಾಸ್ತ್ರಕ್ಕೆ ಮೂರು ನಾಲ್ಕು ಅಧ್ಯಾಯಗಳು. ಪ್ರತಿಯೊಂದರ ಕೊನೆಗೂ ಅದರದೇ ಲೆಕ್ಕಗಳು. ಲೆಕ್ಕವನ್ನು ಓದುವ ಮೊದಲೇ ಅದನ್ನು ಬಿಡಿಸುವ ಉಪಾಯ ಯಾವುದೆಂಬುದು ಅಧ್ಯಾಯದ ಹೆಸರಿನಿಂದಲೇ ಗೊತ್ತಾಗಿರುತ್ತದೆ. ಕೈಗೆ ಸಾಧನೆಯಾಗುತ್ತದೆ, ಕಣ್ಣಿಗೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಲೆಕ್ಕವು ತಲೆಬರಹವಿಲ್ಲದೆ ಎದುರಿಗೆ ನಿಂತಾಗ ಹುಡುಗರು ದಾರಿ ತಪ್ಪುವುದು ಈ ಕಾರಣದಿಂದಲೇ. ಐನೂರು ಲೆಕ್ಕಗಳನ್ನು ಒಂದೊಂದು ಸಲ ಮಾಡುವುದಕ್ಕಿಂತ ಒಂದೇ ವಸ್ತುವನ್ನು ಮುಂದಿಟ್ಟುಕೊಂಡು ಫಲನ, ತ್ರಿಕೋನಮಿತಿ, ಕಲನ ಈ ಮೂರನ್ನೂ ಅದರಲ್ಲಿಯೇ ಹುಡುಕುವುದು ಮೇಲೆಂಬುದು ನನ್ನ ಅಭಿಪ್ರಾಯ. ಅಂಥ ವಸ್ತುವಾಗಿ ನಾನು ಆರಿಸಿಕೊಂಡದ್ದು ಆರ್ಯಭಟನ ಜ್ಯಾಕೋಷ್ಟಕವನ್ನು. ಆದರೆ ಅದಕ್ಕೆ ಮೊದಲು ನನ್ನ ವೃತ್ತಿಯ ಒಂದು ಮಾತನ್ನು ಹೇಳದೆ ವಿಧಿಯಿಲ್ಲ, ಏಕೆಂದರೆ ಹುಡುಗನಿಗೆ ನಾನು ಮೊದಲು ತೋರಿಸಿದ್ದು ಒಂದು ಬ್ಯಾಂಕು ಖಾತೆಯನ್ನೇ.

ಖಾತೆಯ ಪ್ರತಿ ಪುಟದಲ್ಲಿಯೂ ಎರಡು ಕಲಮುಗಳು ಮುಖ್ಯವಾದುವು: ಆ ದಿನದ ಜಮೆ ಅಥವಾ ಖರ್ಚು ಒಂದು, ದಿನಾಂತ್ಯದ ಶಿಲ್ಕು ಇನ್ನೊಂದು. ಯಾವ ತಾರೀಖನ್ನು ಹೇಳಿದರೂ ಆ ದಿನಾಂತ್ಯದ ಶಿಲ್ಕು ಒಂದೇ ಒಂದು ಇರುತ್ತದೆ. ತಾರೀಖಿನಿಂದ ಶಿಲ್ಕಿಗೆ ಇರುವ ಈ ತಪ್ಪದ ಸಂಬಂಧವೇ ಫಲನ. ಇಂದಿನ ಶಿಲ್ಕಿನಿಂದ ನಿನ್ನೆಯ ಶಿಲ್ಕನ್ನು ಕಳೆದರೆ ಇಂದಿನ ಜಮೆ ಬರುತ್ತದೆ. ಜಮೆಗಳನ್ನೆಲ್ಲ ಕೂಡಿಸಿದರೆ ಶಿಲ್ಕು ಬರುತ್ತದೆ. ಕಳೆಯುವುದು ಅವಕಲನದ ಬೀಜ, ಕೂಡಿಸುವುದು ಅನುಕಲನದ ಬೀಜ. ಒಂದು ಇನ್ನೊಂದನ್ನು ಬಿಚ್ಚುತ್ತದೆಂಬುದು ಯಾವ ಗುಮಾಸ್ತನಿಗೂ ಗೊತ್ತಿರುವ ಸಂಗತಿ. ಕಲನಶಾಸ್ತ್ರದ ಮೂಲಪ್ರಮೇಯವೆಂದು ಪುಸ್ತಕಗಳು ಗಂಭೀರವಾಗಿ ಹೇಳುವುದು ಇದನ್ನೇ. ದಿನಗಳ ಅಂತರವನ್ನು ಗಂಟೆಗೆ, ನಿಮಿಷಕ್ಕೆ, ಅದಕ್ಕೂ ಕಿರಿದಾದ ಕಾಲಕ್ಕೆ ಇಳಿಸುತ್ತ ಹೋಗುವ ಧೈರ್ಯವೊಂದೇ ಅಲ್ಲಿ ಹೆಚ್ಚಿನದು.

ಇಲ್ಲಿ ಒಂದು ಉದಾಹರಣೆ ಹುಡುಗನ ಮನಸ್ಸನ್ನು ಹಿಡಿಯಿತು. 2010ರ ಏಪ್ರಿಲ್ 1ಕ್ಕೆ ಮೊದಲು ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಮೆ ಶಿಲ್ಕಿನ ಮೇಲೆ ಕಟ್ಟುತ್ತಿದ್ದರು. ಹತ್ತು ಸಾವಿರ ರೂಪಾಯಿ ಇಟ್ಟವನೊಬ್ಬನು ಮೂವತ್ತು ದಿನಗಳ ತಿಂಗಳಲ್ಲಿ 25ರಂದು ಎಂಟು ಸಾವಿರ ತೆಗೆದು ಮುಂದಿನ ತಿಂಗಳ ಒಂದನೆಯ ತಾರೀಖಿಗೆ ಹಿಂದಕ್ಕೆ ಕಟ್ಟಿದನೆನ್ನೋಣ. ಆಗಿನ ಶೇಕಡಾ 3.5ರ ದರದಲ್ಲಿ ಅವನಿಗೆ ಆ ತಿಂಗಳು ದೊರೆಯುತ್ತಿದ್ದುದು ಎರಡು ಸಾವಿರದ ಮೇಲಿನ ಬಡ್ಡಿ, ಅಂದರೆ 5 ರೂಪಾಯಿ 83 ಪೈಸೆ. ಆಮೇಲೆ ಬಂದ ನಿಯಮದಲ್ಲಿ ಪ್ರತಿದಿನದ ಶಿಲ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಪ್ಪತ್ತನಾಲ್ಕು ದಿನ ಹತ್ತು ಸಾವಿರ, ಆರು ದಿನ ಎರಡು ಸಾವಿರ. ಒಟ್ಟು ಗುಣಲಬ್ಧ 2,52,000. ಅದೇ ದರದಲ್ಲಿ ಬಡ್ಡಿ 24 ರೂಪಾಯಿ 16 ಪೈಸೆ. ಶಿಲ್ಕನ್ನು ಎತ್ತರವಾಗಿಯೂ ದಿನಗಳನ್ನು ಅಗಲವಾಗಿಯೂ ಬರೆದು ಚಿತ್ರಿಸಿದರೆ ಈ ಗುಣಲಬ್ಧವು ಚಿತ್ರದ ಕೆಳಗಿನ ಕ್ಷೇತ್ರಫಲವಲ್ಲದೆ ಬೇರಲ್ಲ. ಹಳೆಯ ನಿಯಮವು ಕ್ಷೇತ್ರಫಲವನ್ನು ನೋಡದೆ ಕಣಿವೆಯ ತಳವನ್ನು ಮಾತ್ರ ನೋಡುತ್ತಿತ್ತು. ಅನುಕಲನವೆಂದರೇನೆಂದು ಗ್ರಾಹಕರು ತಿಳಿಯದೆಯೇ ಅದರ ಲಾಭವನ್ನು ಪಡೆಯುತ್ತಿದ್ದಾರೆ.

ಇನ್ನು ಜ್ಯಾಕೋಷ್ಟಕಕ್ಕೆ ಬರೋಣ. ಒಂದು ವೃತ್ತದ ಚಾಪವನ್ನು ಬಿಲ್ಲೆಂದು ಭಾವಿಸಿದರೆ ಅದರ ಎರಡು ತುದಿಗಳನ್ನು ಕೂಡಿಸುವ ಗೆರೆ ಹೆದೆ, ಸಂಸ್ಕೃತದಲ್ಲಿ ಜ್ಯಾ. ಗಣಿತದಲ್ಲಿ ಆ ಹೆದೆಯ ಅರ್ಧವನ್ನೇ ಜ್ಯೆಯೆಂದು ವ್ಯವಹರಿಸಿದರು. ಈ ಶಬ್ದವೇ ಜೀವಾ ಎಂಬ ಪರ್ಯಾಯ ರೂಪದಿಂದ ಅರಬ್ಬಿಗೆ ಹೋಗಿ, ಅಲ್ಲಿ ಮಡಿಲು ಎಂಬ ಅರ್ಥದ ಬೇರೊಂದು ಶಬ್ದವೆಂದು ಓದಲ್ಪಟ್ಟು, ಆ ತಪ್ಪು ಅರ್ಥವು ಲ್ಯಾಟಿನಿಗೆ ಅನುವಾದವಾಗಿ, ಸೈನ್ ಎಂಬ ಹೆಸರಿನಿಂದ ನಮ್ಮ ಪಠ್ಯಪುಸ್ತಕಗಳಿಗೆ ಮರಳಿ ಬಂದಿತು. ನಮ್ಮ ಹುಡುಗರು ಪರಕೀಯವೆಂದು ಉರುಹೊಡೆಯುತ್ತಿರುವ ಈ ಹೆಸರು ವಾಸ್ತವವಾಗಿ ವೇಷ ಮರೆಸಿಕೊಂಡು ಮನೆಗೆ ಬಂದ ನಮ್ಮವನೇ.

499ರಲ್ಲಿ ತನಗೆ ಇಪ್ಪತ್ತಮೂರು ವರ್ಷವೆಂದು ಹೇಳಿಕೊಂಡಿರುವ ಆರ್ಯಭಟನು ತನ್ನ ಗ್ರಂಥದಲ್ಲಿ ತೊಂಬತ್ತು ಡಿಗ್ರಿಗಳ ಚಾಪವನ್ನು ಇಪ್ಪತ್ತನಾಲ್ಕು ಸಮಭಾಗ ಮಾಡುತ್ತಾನೆ. ಒಂದು ಡಿಗ್ರಿಗೆ ಅರುವತ್ತು ಕಲೆಗಳಾದ್ದರಿಂದ ಪ್ರತಿ ಭಾಗವೂ 225 ಕಲೆಗಳು, ಎಂದರೆ 3¾ ಡಿಗ್ರಿ. ಅವನು ಕೊಡುವುದು ಜ್ಯೆಗಳನ್ನಲ್ಲ; ಒಂದು ಜ್ಯೆಯಿಂದ ಮುಂದಿನ ಜ್ಯೆಗೆ ಇರುವ ಅಂತರಗಳನ್ನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಿಲ್ಕನ್ನು ಬಿಟ್ಟು ಬರಿಯ ಜಮೆಗಳನ್ನು ಬರೆದಿಟ್ಟಿದ್ದಾನೆ. ಅಕ್ಷರಗಳಿಂದ ಅಂಕಿಗಳನ್ನು ಸೂಚಿಸುವ ತನ್ನದೇ ಪದ್ಧತಿಯಲ್ಲಿ ಒಂದೇ ಪದ್ಯದಲ್ಲಿ ಅಡಕಮಾಡಿರುವ ಆ ಸಂಖ್ಯೆಗಳು ಇವು: 225, 224, 222, 219, 215, 210, 205, 199, 191, 183, 174, 164, 154, 143, 131, 119, 106, 93, 79, 65, 51, 37, 22, 7.

ವಾಚಕರು ಒಂದು ಹಾಳೆಯಲ್ಲಿ ಇವನ್ನು ಕೆಳಗೆ ಕೆಳಗೆ ಬರೆದು ಪಕ್ಕದಲ್ಲಿ ಮೊತ್ತಗಳನ್ನು ಬರೆಯುತ್ತ ಹೋಗಲಿ: 225, 449, 671, 890, 1105, 1315, 1520, 1719, ಹೀಗೆ. ಹನ್ನೆರಡನೆಯ ಸಾಲಿನಲ್ಲಿ 2431, ಹದಿನಾರನೆಯದರಲ್ಲಿ 2978, ಕೊನೆಯಲ್ಲಿ 3438 ಬರುತ್ತದೆ. ಕೊನೆಯದು ತೊಂಬತ್ತು ಡಿಗ್ರಿಯ ಜ್ಯೆ. ಅದೇ ವೃತ್ತದ ತ್ರಿಜ್ಯ. ಎಂಟನೆಯ ಸಾಲು ಮೂವತ್ತು ಡಿಗ್ರಿಯದು. ಅಲ್ಲಿರುವ 1719 ಸರಿಯಾಗಿ 3438ರ ಅರ್ಧ. ಮೂವತ್ತು ಡಿಗ್ರಿಯ ಸೈನು ಅರ್ಧವೆಂದು ಬಾಯಿಪಾಠ ಮಾಡಿದ ಹುಡುಗನು ತನ್ನ ಕೈಯಿಂದಲೇ ಎಂಟು ಜಮೆಗಳನ್ನು ಕೂಡಿಸಿ ಆ ಅರ್ಧವನ್ನು ಕಂಡಾಗ ಅವನ ಮುಖದಲ್ಲಿ ಮೂಡಿದ ಭಾವವನ್ನು ನಾನು ಮರೆತಿಲ್ಲ.

ತ್ರಿಜ್ಯವು 3438 ಏಕೆ? ನೂರೋ ಸಾವಿರವೋ ಏಕಲ್ಲ? ಇಲ್ಲಿಯೇ ರೇಡಿಯನ್ನಿನ ಪ್ರಶ್ನೆಗೆ ಉತ್ತರವಿದೆ. ಪೂರ್ಣ ವೃತ್ತದ ಪರಿಧಿ 360 ಡಿಗ್ರಿ, ಅಂದರೆ 21,600 ಕಲೆಗಳು. ಅದನ್ನು ಪೈಯ ಇಮ್ಮಡಿಯಿಂದ ಭಾಗಿಸಿದರೆ 3437.75 ಬರುತ್ತದೆ, ಪೂರ್ಣಾಂಕದಲ್ಲಿ 3438. ಎಂದರೆ ಚಾಪವನ್ನು ಅಳೆಯುವ ಕಲೆಯಿಂದಲೇ ತ್ರಿಜ್ಯವನ್ನೂ ಜ್ಯೆಯನ್ನೂ ಅಳೆದಿದ್ದಾರೆ. ಬಾಗಿದ ಗೆರೆಗೂ ನೇರ ಗೆರೆಗೂ ಒಂದೇ ಅಳತೆಗೋಲು. ಇದರ ಫಲವನ್ನು ಕೋಷ್ಟಕದ ಮೊದಲ ಸಾಲಿನಲ್ಲಿಯೇ ಕಾಣಬಹುದು: 225 ಕಲೆಗಳ ಚಾಪಕ್ಕೆ ಜ್ಯೆಯೂ 225. ಚಿಕ್ಕ ಬಿಲ್ಲಿಗೂ ಅದರ ಹೆದೆಗೂ ಭೇದವಿಲ್ಲ. ಸೈನನ್ನು ಕೋನದಿಂದ ಭಾಗಿಸಿ ಕೋನವನ್ನು ಸೊನ್ನೆಗೆ ಇಳಿಸಿದರೆ ಭಾಗಲಬ್ಧವು ಒಂದಕ್ಕೆ ಸಮೀಪಿಸುತ್ತದೆಂದು ಪುಸ್ತಕಗಳು ಹೇಳುವುದು ಇದನ್ನೇ. ಕೋನವನ್ನು ಡಿಗ್ರಿಯಲ್ಲಿ ಅಳೆದರೆ ಈ ಒಂದು ಹೋಗಿ 0.01745 ಎಂಬ ವಿಕಾರವಾದ ಸಂಖ್ಯೆ ಬಂದು ಕೂರುತ್ತದೆ. ಪ್ರತಿ ಅವಕಲನದಲ್ಲಿಯೂ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ರೂಪಾಯಿಯ ಖಾತೆಯಲ್ಲಿ ಜಮೆಯನ್ನು ಡಾಲರಿನಲ್ಲಿಯೂ ಶಿಲ್ಕನ್ನು ರೂಪಾಯಿಯಲ್ಲಿಯೂ ಬರೆದರೆ ಪ್ರತಿ ಸಾಲಿನಲ್ಲಿ ವಿನಿಮಯದ ದರವನ್ನು ಗುಣಿಸಬೇಕಾದಂತೆ. ರೇಡಿಯನ್ ಎಂಬುದು ತ್ರಿಜ್ಯದಷ್ಟೇ ಉದ್ದವಾದ ಚಾಪ. ಆರ್ಯಭಟನ 3438 ಕಲೆಗಳು ಎಂದರೆ ಒಂದು ರೇಡಿಯನ್ನೇ. ಹುಡುಗನಿಗೆ ಇಷ್ಟನ್ನು ಹೇಳಿದಾಗ ಅವನು, "ಹಂಗಾದ್ರ ರೇಡಿಯನ್ ಹೊಸಾದಲ್ಲ ಬಿಡ್ರಿ" ಎಂದನು. ಹೆಸರು ಹೊಸದು, ವಸ್ತು ಹಳೆಯದು.

ಈಗ ನಿಷ್ಪನ್ನವನ್ನು ಹುಡುಕೋಣ. ಜಮೆಗಳ ಕಲಮನ್ನು ಮೇಲಿನಿಂದ ಕೆಳಕ್ಕೆ ನೋಡಿದ ಮಾತ್ರಕ್ಕೆ ನನ್ನ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ: 225ರಿಂದ ತೊಡಗಿದ ಏರಿಕೆ ಕೊನೆಗೆ 7ಕ್ಕೆ ಇಳಿಯುತ್ತದೆ. ಸೈನು ಮೊದಮೊದಲು ಭರದಿಂದ ಏರಿ ಬರಬರುತ್ತ ದಣಿಯುತ್ತದೆ. ಎಷ್ಟು ದಣಿಯುತ್ತದೆ? ಮೂವತ್ತು ಡಿಗ್ರಿಯ ಆಚೀಚಿನ ಜ್ಯೆಗಳು 1520 ಮತ್ತು 1910, ಅಂತರ 390. ಇದನ್ನು ಎರಡು ಭಾಗಗಳ ಚಾಪವಾದ 450ರಿಂದ ಭಾಗಿಸಿದರೆ 0.8667. ಮೂವತ್ತು ಡಿಗ್ರಿಯ ಕೊಸೈನು 0.8660. ನಲವತ್ತೈದು ಡಿಗ್ರಿಯ ಆಚೀಚೆ 2267 ಮತ್ತು 2585. ಅಂತರ 318, ಭಾಗಲಬ್ಧ 0.7067, ಕೊಸೈನು 0.7071. ಅರುವತ್ತು ಡಿಗ್ರಿಯ ಆಚೀಚೆ 2859 ಮತ್ತು 3084. ಅಂತರ 225, ಭಾಗಲಬ್ಧ ಸರಿಯಾಗಿ ಅರ್ಧ. ಹುಡುಗನು ಈ ಮೂರನೆಯದನ್ನು ಮಾಡಿ ಪೆನ್ಸಿಲು ಕೆಳಗಿಟ್ಟನು. ಐದು ನೋಟುಪುಸ್ತಕಗಳಲ್ಲಿ ನೂರಾರು ಸಲ ಬರೆದಿದ್ದ ಸೂತ್ರವು ಬರಿಯ ವ್ಯವಕಲನದಿಂದ ತಾನಾಗಿ ಎದ್ದು ಬಂದಿತ್ತು.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಇದೇ ಹೆಜ್ಜೆಯನ್ನು ಸ್ಪಷ್ಟವಾಗಿ ಇಟ್ಟಿದ್ದಾನೆ. 1114ರಲ್ಲಿ ಹುಟ್ಟಿ 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಈತನು ತನ್ನ ಊರು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಾಪುರವೆಂದು ಕೆಲವು ವಿದ್ವಾಂಸರೂ, ಖಾನದೇಶದ ಚಾಳೀಸಗಾಂವಿಯ ಸಮೀಪದ್ದೆಂದು ಕೆಲವರೂ ವಾದಿಸುತ್ತಾರೆ. ಆ ಜಗಳ ಇಲ್ಲಿ ಅಪ್ರಸ್ತುತ. ಗ್ರಹದ ಒಂದು ದಿನದ ಗತಿಯನ್ನು ಹೇಳಿದರೆ ಸಾಲದು, ಆ ಕ್ಷಣದ ಗತಿಯನ್ನು ಹೇಳಬೇಕೆಂದು ಅವನು ತಾತ್ಕಾಲಿಕ ಗತಿಯೆಂಬುದನ್ನು ವಿವರಿಸುತ್ತಾನೆ. ಅದಕ್ಕಾಗಿ ಜ್ಯೆಯ ವೃದ್ಧಿಯು ಚಾಪದ ವೃದ್ಧಿಯನ್ನು ಕೋಟಿಜ್ಯೆಯಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು ಎಂಬ ನಿಯಮವನ್ನು ಬಳಸುತ್ತಾನೆ. ಕೋಟಿಜ್ಯೆಯೇ ಇಂದಿನ ಕೊಸೈನ್. ಚಂದ್ರನ ಗತಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪಂಚಾಂಗದ ಲೆಕ್ಕಕ್ಕೆ ಇದು ಬೇಕಾಯಿತು, ಪರೀಕ್ಷೆಗಲ್ಲ.

ಆರ್ಯಭಟನ ಕೋಷ್ಟಕದಲ್ಲಿ ಇನ್ನೊಂದು ಪದರವಿದೆ; ನನ್ನ ಮಟ್ಟಿಗೆ ಇದೇ ಅತ್ಯಂತ ಸುಂದರವಾದುದು. ಜಮೆಗಳ ನಡುವಣ ಅಂತರಗಳನ್ನು ಬರೆಯಿರಿ: 1, 2, 3, 4, 5, 5, 6, 8, 8, 9, 10, 10, 11, 12, 12, 13, 13, 14, 14, 14, 14, 15, 15. ಜಮೆಯು ಪ್ರತಿ ಹೆಜ್ಜೆಗೂ ಇಷ್ಟಿಷ್ಟು ಕುಗ್ಗುತ್ತಿದೆ. ಈ ಕುಗ್ಗುವ ಮೊತ್ತವು ಮೊದಲು ಒಂದು, ಕೊನೆಗೆ ಹದಿನೈದು. ಶಿಲ್ಕು ಬೆಳೆದಂತೆ ಇದೂ ಬೆಳೆಯುತ್ತಿದೆ. ಮೂವತ್ತು ಡಿಗ್ರಿಯಲ್ಲಿ ಶಿಲ್ಕು 1719, ಕುಗ್ಗು 8. ಅರುವತ್ತರಲ್ಲಿ 2978, ಕುಗ್ಗು 13. ಕೊನೆಯ ಹತ್ತಿರ 3431, ಕುಗ್ಗು 15. ಎಲ್ಲಿ ನೋಡಿದರೂ ಪ್ರಮಾಣ ಹೆಚ್ಚುಕಡಮೆ ಒಂದೇ. ಸೈನನ್ನು ಎರಡು ಸಲ ಅವಕಲಿಸಿದರೆ ಸೈನೇ ಋಣಚಿಹ್ನೆಯೊಡನೆ ಮರಳಿ ಬರುತ್ತದೆಂಬ ನಿಯಮವು ಇಲ್ಲಿ ಅಂಕಿಗಳಲ್ಲಿ ಕಣ್ಣಿಗೆ ಕಾಣುತ್ತದೆ. ಆರ್ಯಭಟನೇ ಈ ಸಂಬಂಧವನ್ನು ಸೂತ್ರರೂಪದಲ್ಲಿ ಹೇಳಿದ್ದಾನೆ. ಮೊದಲ ಜ್ಯೆಯಾದ 225 ಅಲ್ಲಿ ಭಾಜಕ. ಸಾವಿರ ವರ್ಷಗಳ ಮೇಲೆ ಕೇರಳದ ನೀಲಕಂಠ ಸೋಮಯಾಜಿಯು ತಂತ್ರಸಂಗ್ರಹದಲ್ಲಿ ಭಾಜಕವನ್ನು 233½ ಎಂದು ತಿದ್ದಿದನು. ಆ ತಿದ್ದುಪಡಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಮುಂದೆ ಹುಡುಗನೇ ಕಂಡುಕೊಂಡನು.

ಬ್ಯಾಂಕಿನವನಾದ ನನಗೆ ಇಲ್ಲಿ ಇನ್ನೊಂದು ಫಲನದ ನೆನಪಾಗದೆ ಇರದು. ಚಕ್ರಬಡ್ಡಿಯ ಖಾತೆಯಲ್ಲಿ ಜಮೆಯೇ ಶಿಲ್ಕಿನ ಪ್ರಮಾಣದಲ್ಲಿರುತ್ತದೆ: ಹೆಚ್ಚು ಇದ್ದಷ್ಟೂ ಹೆಚ್ಚು ಬೆಳೆಯುತ್ತದೆ. ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎಂದಿಟ್ಟು, ವರ್ಷಕ್ಕೊಮ್ಮೆ ಸೇರಿಸಿದರೆ 2 ರೂಪಾಯಿ, ಆರು ತಿಂಗಳಿಗೊಮ್ಮೆ ಸೇರಿಸಿದರೆ 2.25, ಮೂರು ತಿಂಗಳಿಗೊಮ್ಮೆ 2.4414, ತಿಂಗಳಿಗೊಮ್ಮೆ 2.6130, ದಿನಕ್ಕೊಮ್ಮೆ 2.7146. ಕ್ಷಣಕ್ಷಣಕ್ಕೂ ಸೇರಿಸಿದರೂ 2.71828ರ ಸುಮಾರಿಗೆ ನಿಲ್ಲುತ್ತದೆ. 1683ರಲ್ಲಿ ಯಾಕೋಬ್ ಬರ್ನೂಲಿಯು ಈ ಬಡ್ಡಿಯ ಪ್ರಶ್ನೆಯಿಂದಲೇ ಆ ಪ್ರಸಿದ್ಧ ಸಂಖ್ಯೆಯ ಸಮೀಪಕ್ಕೆ ಬಂದನು. ಜಮೆಯೇ ಶಿಲ್ಕನ್ನು ಅನುಸರಿಸಿದರೆ ಈ ಎಲ್ಲೆಯಿಲ್ಲದ ಬೆಳವಣಿಗೆ. ಜಮೆಯ ಕುಗ್ಗು ಶಿಲ್ಕನ್ನು ಅನುಸರಿಸಿದರೆ ಸೈನಿನ ಏರಿಳಿತ. ಪಠ್ಯಪುಸ್ತಕದಲ್ಲಿ ದೂರ ದೂರದ ಅಧ್ಯಾಯಗಳಲ್ಲಿರುವ ಇವೆರಡು ಅಣ್ಣತಮ್ಮಂದಿರೆಂದು ನಮ್ಮ ಕಾಲದಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ.

ಕೂಡಿಸುವ ಕೆಲಸವನ್ನೂ ಇದೇ ಹಾಳೆಯಲ್ಲಿ ಮಾಡಬಹುದು. ಇಪ್ಪತ್ತನಾಲ್ಕು ಶಿಲ್ಕುಗಳನ್ನೂ ಕೂಡಿಸಿದರೆ 54,233. ಸೊನ್ನೆಯಿಂದ ತೊಂಬತ್ತರವರೆಗಿನ ವಕ್ರರೇಖೆಯ ಕೆಳಗಿನ ಕ್ಷೇತ್ರವನ್ನು ಪಟ್ಟಿಗಳಾಗಿ ಸೀಳಿದಾಗ ಕೊನೆಯ ಎತ್ತರವನ್ನು ಅರ್ಧ ಮಾತ್ರ ಹಿಡಿಯಬೇಕಾದ್ದರಿಂದ ತ್ರಿಜ್ಯದ ಅರ್ಧವಾದ 1719ನ್ನು ಕಳೆಯೋಣ, ಉಳಿದದ್ದು 52,514. ಪಟ್ಟಿಯ ಅಗಲ 225ರಿಂದ ಗುಣಿಸಿದರೆ 1,18,15,650. ತ್ರಿಜ್ಯದ ವರ್ಗ 1,18,19,844. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.9996. ಸೈನಿನ ಅನುಕಲನವು ಈ ಅವಧಿಯಲ್ಲಿ ಒಂದೆಂಬ ಪುಸ್ತಕದ ಉತ್ತರ ಇದೇ. ಭಾಸ್ಕರಾಚಾರ್ಯನು ಗೋಲದ ಮೇಲ್ಮೈಯನ್ನು ಅಳೆಯುವಾಗ ಮಾಡಿದ್ದೂ ಇದನ್ನೇ. ಪರಿಧಿ 96 ಇರುವ ಗೋಲವನ್ನು ಕಿತ್ತಳೆಯ ತೊಳೆಗಳಂತೆ 96 ಭಾಗ ಮಾಡಿ, ಒಂದು ತೊಳೆಯ ಸಿಪ್ಪೆಯ ಕ್ಷೇತ್ರಫಲಕ್ಕಾಗಿ ಎಲ್ಲ ಜ್ಯೆಗಳ ಮೊತ್ತದಿಂದ ತ್ರಿಜ್ಯಾರ್ಧವನ್ನು ಕಳೆದು ತ್ರಿಜ್ಯಾರ್ಧದಿಂದಲೇ ಭಾಗಿಸಿದನು. ನಮ್ಮ ಅಂಕಿಗಳಲ್ಲಿ 52,514ನ್ನು 1719ರಿಂದ ಭಾಗಿಸಿದರೆ 30.55, ಆ ಗೋಲದ ವ್ಯಾಸವೂ 30.56. ಆದುದರಿಂದ ಗೋಲದ ಮೇಲ್ಮೈಯು ಪರಿಧಿಯನ್ನು ವ್ಯಾಸದಿಂದ ಗುಣಿಸಿದಷ್ಟು. ಹುಡುಗನು ಈ ಸೂತ್ರವನ್ನು ಒಂಬತ್ತನೆಯ ತರಗತಿಯಲ್ಲಿಯೇ ಕಂಠಸ್ಥ ಮಾಡಿದ್ದನು. ಎಲ್ಲಿಂದ ಬಂದಿತೆಂದು ಆಗ ಕೇಳಿರಲಿಲ್ಲ.

ವಿಲೋಮ ಫಲನಗಳಲ್ಲಿ ಹುಡುಗರು ಎಡವುವ ಕಲ್ಲನ್ನೂ ಖಾತೆಯಲ್ಲಿ ತೋರಿಸಬಹುದು. 150 ಡಿಗ್ರಿಯ ಸೈನಿನ ವಿಲೋಮ ಸೈನು ಎಷ್ಟೆಂದರೆ ಬಹುಮಂದಿ 150 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ತೊಂಬತ್ತರ ಆಚೆಗೆ ಕೋಷ್ಟಕವು ತಿರುಗಿ ಇಳಿಯತೊಡಗುತ್ತದೆ. 1719 ಎಂಬ ಶಿಲ್ಕು ಮೂವತ್ತರಲ್ಲಿಯೂ ಇದೆ, ನೂರೈವತ್ತರಲ್ಲಿಯೂ ಇದೆ. ತಾರೀಖನ್ನು ಹೇಳಿದರೆ ಶಿಲ್ಕನ್ನು ಹೇಳಬಹುದು. ಶಿಲ್ಕನ್ನು ಮಾತ್ರ ಹೇಳಿ ತಾರೀಖನ್ನು ಕೇಳಿದರೆ ಗುಮಾಸ್ತನು ಯಾವ ಅರ್ಧವರ್ಷವೆಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಋಣ ತೊಂಬತ್ತರಿಂದ ಧನ ತೊಂಬತ್ತರವರೆಗೆ ಎಂದು ಪುಸ್ತಕವು ಹಾಕಿರುವ ಕಟ್ಟು ಆ ಮರುಪ್ರಶ್ನೆಗೆ ಮೊದಲೇ ಕೊಟ್ಟ ಉತ್ತರ. ಆದುದರಿಂದ ಸರಿಯಾದ ಉತ್ತರ ಮೂವತ್ತು. ಇದಕ್ಕಿಂತ ಹೆಚ್ಚಾಗಿ ಆ ಅಧ್ಯಾಯದಲ್ಲಿ ಹೇಳಬೇಕಾದ್ದು ನನಗೆ ಕಾಣದು.

ಇಷ್ಟನ್ನೆಲ್ಲ ನಾನು ಹುಡುಗನೊಡನೆ ಕನ್ನಡದಲ್ಲಿಯೇ ಮಾತನಾಡಿದೆನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕು. ಪರಭಾಷೆಯ ನಗರಗಳಲ್ಲಿ ನೆಲಸಿರುವ ನಾವು ಮನೆಯ ಮಾತನ್ನು ಊಟ ಉಪಚಾರಗಳಿಗೂ ಹಬ್ಬಹರಿದಿನಗಳಿಗೂ ಮೀಸಲಿಟ್ಟು, ಮಕ್ಕಳ ಓದಿನ ಮಾತು ಬಂದೊಡನೆ ಇಂಗ್ಲಿಷಿಗೆ ಜಿಗಿಯುತ್ತೇವೆ. ಅವಕಲನ, ಅನುಕಲನ ಮೊದಲಾದ ಪಾರಿಭಾಷಿಕ ಶಬ್ದಗಳು ನಮ್ಮಲ್ಲಿವೆ. ಅವುಗಳಲ್ಲಿ ಕೆಲವು ಅಷ್ಟೇನೂ ಒಪ್ಪವಾಗಿಲ್ಲ, ಫಂಕ್ಷನ್ ಎಂಬುದಕ್ಕೆ ಕೆಲವರು ಫಲನವೆಂದೂ ಕೆಲವರು ಉತ್ಪನ್ನವೆಂದೂ ಬರೆದು ಹುಡುಗರನ್ನು ದಿಗಿಲುಗೊಳಿಸುತ್ತಾರೆ. ಆದರೆ ಕೆಲಸ ಮಾಡಿದ್ದು ಆ ಶಬ್ದಗಳಲ್ಲ. ಜಮೆ, ಶಿಲ್ಕು, ಏರು, ಕುಗ್ಗು, ಹೆದೆ ಎಂಬ ಬಳಕೆಯ ಮಾತುಗಳು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು. ಮಾಧವನ ಪರಂಪರೆಯವನಾದ ಜ್ಯೇಷ್ಠದೇವನು 1530ರ ಸುಮಾರಿಗೆ ಜ್ಯೆಯ ಅನಂತಶ್ರೇಣಿಯ ಉಪಪತ್ತಿಯನ್ನು ಯುಕ್ತಿಭಾಷೆಯೆಂಬ ಗ್ರಂಥದಲ್ಲಿ ಮಲಯಾಳ ಗದ್ಯದಲ್ಲಿ ವಿವರಿಸಿದನು. ನ್ಯೂಟನ್ನನು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ. ಚಾಪದಿಂದ ಅದರ ಘನದ ಆರನೆಯ ಒಂದು ಪಾಲನ್ನು ಕಳೆದು, ಐದನೆಯ ಘಾತದ ನೂರಿಪ್ಪತ್ತನೆಯ ಒಂದು ಪಾಲನ್ನು ಕೂಡಿಸಿ, ಹೀಗೆ ಮುಂದುವರಿಯುವ ಆ ಶ್ರೇಣಿಯ ಮೂರೇ ಪದಗಳಿಂದ ಮೂವತ್ತು ಡಿಗ್ರಿಗೆ ನಾವು ಪಡೆದದ್ದು: 0.52360 ಇಂದ 0.02392 ಕಳೆದು 0.00033 ಕೂಡಿಸಿದರೆ 0.50001, ದಶಮಾಂಶಗಳನ್ನು ಇನ್ನಷ್ಟು ಹಿಡಿದರೆ ಅರ್ಧಕ್ಕೆ ಇನ್ನೂ ಹತ್ತಿರ.

ಫೆಬ್ರುವರಿಯ ಪರೀಕ್ಷೆಯ ವೇಳೆಗೆ ಹುಡುಗನ ಅಂಕಗಳು ಆಕಾಶಕ್ಕೇನೂ ಏರಲಿಲ್ಲ. ಇಳಿಯುವುದು ನಿಂತು ಸ್ವಲ್ಪ ಮೇಲಕ್ಕೆ ಬಂದವು, ಅಷ್ಟೆ. ಸೂತ್ರಗಳನ್ನು ಬಳಸುವ ಕೈಯ ಅಭ್ಯಾಸ ಬೇಡವೆಂದು ನಾನು ಹೇಳಲಾರೆ. ಗಡಿಯಾರ ಹಿಡಿದು ಬರೆಯಬೇಕಾದ ಪರೀಕ್ಷೆಗೆ ಅದೂ ಬೇಕು, ಅವನು ಅದನ್ನು ಬಿಡಲೂ ಇಲ್ಲ. ಆದರೆ ಪರೀಕ್ಷೆ ಮುಗಿದ ವಾರದಲ್ಲಿಯೇ, ಯಾರೂ ಹೇಳದೆ, ಅವನು ಆ ಹಳೆಯ ಹಾಳೆಯನ್ನು ಮತ್ತೆ ತೆಗೆದನು. ಮೊದಲ ಜಮೆ 225 ಎಂದಿಟ್ಟು, ಪ್ರತಿ ಸಲವೂ ಶಿಲ್ಕಿನ 225ರಲ್ಲಿ ಒಂದು ಪಾಲನ್ನು ಜಮೆಯಿಂದ ಕಳೆಯುತ್ತ, ಭಿನ್ನಾಂಕಗಳನ್ನು ಬಿಡದೆ, ಕೋಷ್ಟಕವನ್ನು ತಾನೇ ಕಟ್ಟಲು ಹೊರಟನು. ಎಂಟನೆಯ ಸಾಲಿಗೆ 1719 ಬರುವ ಬದಲು 1717 ಬಂದಿತು. ನೀಲಕಂಠನ 233½ನ್ನು ಹಿಡಿದಾಗ 1720 ಬಂದಿತು. ಮೊದಲ ಜಮೆಯನ್ನೇ ಇನ್ನೂ ಸೂಕ್ಷ್ಮವಾಗಿ 224.86 ಎಂದು ತಿದ್ದಿದಾಗ 1719 ಸಿಕ್ಕಿತು. ಮೊದಲ ಸಾಲಿನ ಒಂದು ಕಲೆಯ ಏಳನೆಯ ಪಾಲಿನಷ್ಟು ತಪ್ಪು ಎಂಟನೆಯ ಸಾಲಿಗೆ ಒಂದು ಪೂರ್ಣ ಕಲೆಯಾಗಿ ಬೆಳೆದಿತ್ತು. ಆರಂಭದ ತಪ್ಪು ಮುಂದಿನ ಪುಟಗಳಿಗೆಲ್ಲ ಎಳೆಯಲ್ಪಟ್ಟು ಬೆಳೆಯುವುದು ಬ್ಯಾಂಕಿನಲ್ಲಿ ನಾವು ದಿನವೂ ಕಾಣುವ ಸಂಗತಿ.

ಅಲ್ಲಿಗೂ ಅವನು ನಿಲ್ಲಲಿಲ್ಲ. ಕ್ಯಾಲ್ಕ್ಯುಲೇಟರಿನಿಂದ ಇಪ್ಪತ್ತನಾಲ್ಕು ಜ್ಯೆಗಳನ್ನೂ 3438ರ ತ್ರಿಜ್ಯಕ್ಕೆ ಲೆಕ್ಕಹಾಕಿ ಆರ್ಯಭಟನ ಅಂಕಿಗಳೊಡನೆ ತಾಳೆ ನೋಡಿದನು. ಹತ್ತೊಂಬತ್ತು ಸಾಲುಗಳು ಸಮೀಪದ ಪೂರ್ಣಾಂಕಕ್ಕೆ ಸರಿಯಾಗಿ ಕೂಡಿದವು. ಐದು ಕೂಡಲಿಲ್ಲ. ಆರನೆಯ ಸಾಲು 1315.7 ಇರಬೇಕಾದಲ್ಲಿ 1315, ಏಳನೆಯದು 1520.6 ಇರಬೇಕಾದಲ್ಲಿ 1520. ಎರಡೂ ಒಂದೊಂದು ಕಡಮೆ. ಹದಿನಾರು, ಹದಿನೇಳು, ಹದಿನೆಂಟನೆಯ ಸಾಲುಗಳು 2977.4, 3083.4, 3176.3 ಇರಬೇಕಾದಲ್ಲಿ 2978, 3084, 3177; ಮೂರೂ ಒಂದೊಂದು ಹೆಚ್ಚು. ಯಾವುದರಲ್ಲಿಯೂ ವ್ಯತ್ಯಾಸವು ಮುಕ್ಕಾಲು ಕಲೆಯನ್ನು ಮೀರಿಲ್ಲ. ಆ ಐದು ಸಾಲುಗಳಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ರಾತ್ರಿ ಹನ್ನೊಂದೂವರೆಗೆ ನನ್ನ ಕೋಣೆಯ ಬಾಗಿಲನ್ನು ತಟ್ಟಿ, "ಮಾಮಾ, ಇಲ್ಲಿ ಬ್ಯಾಲೆನ್ಸ್ ಕೂಡವಲ್ದು" ಎಂದನು. ನಾನು ಎದ್ದು ಕನ್ನಡಕವನ್ನು ಹುಡುಕಿದೆನು.